ಆರುನೂರ ಇಪ್ಪತ್ತರ ಬೆನ್ನು ಹತ್ತಿದ ಕೆಮುಂಟೊ

ಕೆಮುಂಟೊ ಕೂತು ಉಂಡದ್ದನ್ನು ನಾನು ಆ ವರ್ಷ ನೋಡಲೇ ಇಲ್ಲ. ತಟ್ಟೆ ಕೈಯಲ್ಲಿ ಹಿಡಿದು, ಉಗಾಲಿ ಮುದ್ದೆಯ ತುತ್ತನ್ನು ಸೊಪ್ಪಿನಲ್ಲಿ ಅದ್ದಿ ಬಾಯಿಗೆ ಹಾಕಿಕೊಳ್ಳುತ್ತ, ಬಾಗಿಲಿಂದ ಒಲೆಯವರೆಗೆ, ಒಲೆಯಿಂದ ಬಾಗಿಲವರೆಗೆ ನಡೆಯುತ್ತಿದ್ದಳು. ನಮ್ಮದು ಎರಡು ಕೋಣೆಯ ಮನೆ, ಹೂತೋಟದ ಕಂಪನಿಯವರು ಕೆಲಸದವರಿಗೆಂದು ಕಟ್ಟಿಸಿದ್ದು. ಏಳು ಹೆಜ್ಜೆ ಹಾಕಿದರೆ ಮನೆ ಮುಗಿಯುತ್ತದೆ.

"ಕೂತ್ಕೊಂಡು ತಿನ್ನೇ ತಾಯಿ, ನಿನ್ನ ನೋಡಿ ನೋಡಿ ನನಗೇ ತಲೆ ತಿರುಗ್ತಿದೆ," ಎಂದರೆ,

"ಸುಮ್ನಿರು ಅಕೆಯೊ, ಲೆಕ್ಕ ತಪ್ಪುತ್ತೆ. ಒಂದು ತೊಟ್ಟಿ, ಎರಡು ನಲ್ಲಿ. ಒಂದು ತುಂಬುತ್ತೆ, ಇನ್ನೊಂದು ಸೋರುತ್ತೆ," ಎನ್ನುವಳು.

"ಸೋರೋ ನಲ್ಲೀನ ಮೊದಲು ರಿಪೇರಿ ಮಾಡ್ಸೋಕೆ ಹೇಳು ಅವ್ರಿಗೆ."

ಅವಳು ನಗುತ್ತಿರಲಿಲ್ಲ. ನನ್ನ ಮಾತು ಅವಳ ಕಿವಿಗೆ ಬೀಳುತ್ತಲೂ ಇರಲಿಲ್ಲ.

ನೈವಾಶಾ ಸರೋವರದ ದಂಡೆಯ ಆ ತೋಟದಲ್ಲಿ ನಾನು ಕೋಲ್ಡ್ ರೂಮಿನ ಉಸ್ತುವಾರಿ, ಅವಳು ಗುಲಾಬಿ ವಿಂಗಡಿಸುವ ಶೆಡ್ಡಿನ ಮೇಲ್ವಿಚಾರಕಿ. ನೂರ ನಲವತ್ತು ಹೆಂಗಸರು ಅವಳ ಕೈಕೆಳಗೆ. ಕಾಂಡದ ಉದ್ದ ಅಳೆದು, ಇಪ್ಪತ್ತಿಪ್ಪತ್ತು ಹೂ ಸೇರಿಸಿ ಕಟ್ಟು ಕಟ್ಟಿ, ರಟ್ಟು ಸುತ್ತಿ ನನ್ನ ಕೋಣೆಗೆ ಕಳಿಸಬೇಕು. ಎಸಳಿನ ಮೇಲೆ ಸಾಸಿವೆ ಕಾಳಿನಷ್ಟು ಬೂಷ್ಟಿನ ಚುಕ್ಕೆ ಇದ್ದರೂ ಕೆಮುಂಟೊಳ ಕಣ್ಣು ತಪ್ಪಿಸಿ ಆ ಹೂ ನನ್ನವರೆಗೆ ಬಂದದ್ದಿಲ್ಲ. ಒಂಬತ್ತು ವರ್ಷ ಅವಳು ಆ ಕೆಲಸ ಮಾಡಿದ್ದಳು.

ಆ ವರ್ಷದ ಆರಂಭದಲ್ಲಿ ಶೆಡ್ಡಿಗೆ ಹೊಸ ಮುಖ್ಯಸ್ಥನೊಬ್ಬ ಬಂದ. ಮುಗೆಂದಿ ಎಂದು ಹೆಸರು, ಮೇರು ಕಡೆಯವನು, ಇಪ್ಪತ್ತೇಳು ವರ್ಷ, ಹೊರದೇಶದ ಎಂಬಿಎ. ಮೂರು ತಿಂಗಳು ಕೆಮುಂಟೊ ಅವನಿಗೆ ಹೂವಿನ ಅ ಆ ಇ ಈ ಕಲಿಸಿದಳು. ನಾಲ್ಕನೆಯ ತಿಂಗಳು ಮೀಟಿಂಗಿನಲ್ಲಿ ಅವನು ಗೋಡೆಯ ಮೇಲೆ ಒಂದು ಚಿತ್ರ ತೋರಿಸಿದ. ಮೇಜುಗಳನ್ನು ಹೀಗೆ ತಿರುಗಿಸಿ ಇಟ್ಟರೆ ಹೂವಿನ ಬಕೆಟ್ಟು ಅರ್ಧದಷ್ಟೇ ದೂರ ಓಡಾಡುತ್ತದೆ ಎಂಬ ಯೋಜನೆ. ಅದು ಕೆಮುಂಟೊಳದು. ಎರಡು ವರ್ಷದಿಂದ ಹೇಳುತ್ತಲೇ ಇದ್ದಳು, ಯಾರೂ ಕೇಳಿರಲಿಲ್ಲ. ಮುಗೆಂದಿ ಅವಳ ಹೆಸರನ್ನೂ ಹೇಳಿದ, ಅದನ್ನು ನಾನು ಒಪ್ಪಿಕೊಳ್ಳಬೇಕು. ಆದರೆ ತೋಟದ ಮ್ಯಾನೇಜರು ಚಪ್ಪಾಳೆ ತಟ್ಟಿದ್ದು ಅವನಿಗೆ.

ಕೆಮುಂಟೊ ನೇರ ಮ್ಯಾನೇಜರ ಕೋಣೆಗೆ ಹೋಗಿ, ಆ ಜಾಗ ನನಗೇಕೆ ಕೊಡಲಿಲ್ಲ ಎಂದು ಕೇಳಿದಳು. ಅವರು ಕೆಟ್ಟ ಮನುಷ್ಯರಲ್ಲ. "ಕೆಲಸ ನಿನಗೆ ಗೊತ್ತು ಕಣಮ್ಮ, ಅದ್ರಲ್ಲಿ ಎರಡು ಮಾತಿಲ್ಲ. ಕಾಗದ ಇಲ್ವಲ್ಲ," ಎಂದರಂತೆ.

ಕಾಗದ ತರಲು ಅವಳು ಆರಿಸಿಕೊಂಡದ್ದು ಖಂಡದ ದಕ್ಷಿಣದ ತುದಿಯ, ಸಮುದ್ರದ ಪಕ್ಕದ ಒಂದು ಬಿಸಿನೆಸ್ ಸ್ಕೂಲನ್ನು. ಅವರು ಫೋನಿನಲ್ಲಿ ಸಂದರ್ಶನ ಮಾಡಿದರು. ಗುಲಾಬಿಯ ವಿಷಯ ಅವಳು ಎಷ್ಟು ಹೇಳಿದಳೋ, ಮುಕ್ಕಾಲು ಗಂಟೆ ಅಂದವರು ಒಂದೂವರೆ ಗಂಟೆ ಮಾತಾಡಿದರು. ಆಮೇಲೆ ಪತ್ರ ಬಂತು: ಎಲ್ಲ ಚೆನ್ನಾಗಿದೆ, ಪ್ರವೇಶ ಪರೀಕ್ಷೆಯಲ್ಲಿ ಎಂಟುನೂರಕ್ಕೆ ಆರುನೂರ ಇಪ್ಪತ್ತು ಅಂಕ ತನ್ನಿ, ಮಾರ್ಚ್ ಕೊನೆಯೊಳಗೆ ಕಳಿಸಿ, ಸೀಟೂ ವಿದ್ಯಾರ್ಥಿವೇತನವೂ ನಿಮ್ಮದು.

ಸೆಪ್ಟೆಂಬರಿನಲ್ಲಿ ಮೊದಲ ಸಲ ಪರೀಕ್ಷೆಗೆ ಕೂತಳು. ಐನೂರ ಹತ್ತು. ನವೆಂಬರ್ ಕೊನೆಗೆ ಎರಡನೆಯ ಸಲ. ಐನೂರ ಮೂವತ್ತು.

"ಇಪ್ಪತ್ತು ಏರಿದೆಯಲ್ಲೇ," ಎಂದೆ ನಾನು.

"ಹಿಂಗೇ ಏರಿದ್ರೆ ನಾನು ಅಜ್ಜಿ ಆಗೋ ಹೊತ್ತಿಗೆ ಸೀಟು ಸಿಗುತ್ತೆ," ಎಂದಳು.

ಅಷ್ಟರಲ್ಲಿ ಅವಳ ಉಗುರುಗಳೆಲ್ಲ ಬುಡದವರೆಗೆ ಹೋಗಿದ್ದವು. ಶೆಡ್ಡಿನಲ್ಲಿ ನಡೆಯುವಾಗಲೂ ತುಟಿ ಅಲ್ಲಾಡುತ್ತಿತ್ತು. ಹೆಂಗಸರು ಅವಳ ಹಿಂದಿನಿಂದ, "ಮೇಡಮ್ಮು ಜಪ ಮಾಡ್ತಾ ಇದ್ದಾರೆ," ಎಂದು ಆಡಿಕೊಳ್ಳುತ್ತಿದ್ದರು. ಒಂದು ಮಧ್ಯಾಹ್ನ ಚಹಾದ ಹೊತ್ತಿನಲ್ಲಿ ಮುಗೆಂದಿ ನಮ್ಮ ಬೆಂಚಿಗೆ ಬಂದು ಕೂತು, ಅವಳ ಪುಸ್ತಕವನ್ನು ನೋಡಿ, "ಓ, ಇದಾ? ನಾನೂ ಬರ್ದಿದ್ದೆ. ಬರದೇ ಇದ್ದದ್ದಕ್ಕೆಲ್ಲ ಏನೋ ಒಂದು ಒತ್ತಿಬಿಟ್ಟು ಮುಂದೆ ಹೋಗ್ತಾ ಇರಿ. ಅಷ್ಟೇ ಗುಟ್ಟು," ಎಂದ.

ಕೆಮುಂಟೊ ಪುಸ್ತಕ ಮುಚ್ಚಿದಳು. "ಊಹೆ ಮಾಡಿ ಪಾಸಾಗೋರು ನೀವು. ನಂಗೆ ಆ ಅಭ್ಯಾಸ ಇಲ್ಲ."

ಅವನಿಗೆ ನಾಟಿತು. ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದ. ಬುದ್ಧಿಮಾತು ಅವನ ಬಾಯಿಂದ ಬರಬಾರದಿತ್ತು, ಅಷ್ಟೆ.

ಡಿಸೆಂಬರಿನಲ್ಲಿ ಅವಳ ಅಪ್ಪ ಬಂದರು. ನ್ಯಾರಿಬೊ ಮೇಷ್ಟ್ರು, ಕಿಸಿ ಬೆಟ್ಟದ ಕೆರೋಕದವರು. ಮೂವತ್ತೆಂಟು ವರ್ಷ ಎಂಟನೇ ತರಗತಿಗೆ ಗಣಿತ ಹೇಳಿ ನಿವೃತ್ತರಾದವರು. ಎರಡನೇ ಸಲದ ಅಂಕ ಕೇಳಿ, ಫೋನ್ ಇಟ್ಟು, ಮರುದಿನವೇ ಮಟಾಟು ವ್ಯಾನು ಹತ್ತಿದ್ದರು. ಒಂದು ಬಾಳೆಗೊನೆ, ಸುರುಳಿ ಸುತ್ತಿದ ಕರಿಹಲಗೆ ಬಟ್ಟೆ, ಒಂದು ಡಬ್ಬ ಸೀಮೆಸುಣ್ಣ. ಮಗಳ ಮನೆಯಲ್ಲಿ ಅಪ್ಪ ಮಲಗುವುದು ಅವರಲ್ಲಿ ರೂಢಿಯಿಲ್ಲ, ಹಾಗಾಗಿ ಪೇಟೆಯಲ್ಲಿದ್ದ ಅಣ್ಣನ ಮಗನ ಮನೆಯಲ್ಲಿ ಉಳಿದರು. ಆದರೆ ದಿನಾ ಸಂಜೆ ನಾಲ್ಕೂವರೆಗೆ, ಕೆಲಸ ಬಿಡುವ ಹೊತ್ತಿಗೆ ಸರಿಯಾಗಿ, ಕೋಟು ಹಾಕಿಕೊಂಡು ತೋಟದ ಗೇಟಿನಲ್ಲಿ ನಿಂತಿರುತ್ತಿದ್ದರು.

ಊರಿನಿಂದ ಅವಳ ಅಮ್ಮನ ಫೋನು ಬರುತ್ತಿತ್ತು. "ಆ ಮನುಷ್ಯನ್ನ ಅಲ್ಲೇ ಇಟ್ಕೋ ಮಗಳೇ. ಇಲ್ಲಿದ್ರೆ ಕೋಳಿಗಳಿಗೂ ಪಾಠ ಹೇಳ್ತಾರೆ."

ಮೇಷ್ಟ್ರ ಪಾಠ ನೋಡುವುದೇ ಒಂದು ಸೊಗಸು. ನಮ್ಮ ಗೋಡೆಗೆ ಕರಿಬಟ್ಟೆ ತೂಗುಹಾಕಿ, ಲೆಕ್ಕವನ್ನು ಮೇಲಿನಿಂದ ಕೆಳಕ್ಕೆ, ಒಂದು ಹಂತವನ್ನೂ ಹಾರಿಸದೆ, ಮುತ್ತಿನಂಥ ಅಕ್ಷರದಲ್ಲಿ ಬಿಡಿಸುವರು. ಕೊನೆಗೆ ಉತ್ತರದ ಕೆಳಗೆ ಎರಡು ಗೆರೆ. ನಾನು ಗಣಿತದಲ್ಲಿ ದಡ್ಡಿ, ನನಗೂ ಅರ್ಥವಾಗುತ್ತಿತ್ತು. ಒಂದು ಲೆಕ್ಕಕ್ಕೆ ಹತ್ತು ನಿಮಿಷ, ಕೆಲವಕ್ಕೆ ಕಾಲು ಗಂಟೆ.

ಆ ಪರೀಕ್ಷೆಯಲ್ಲಿ ಒಂದು ಬಗೆಯ ಪ್ರಶ್ನೆ ಇದೆ. ಲೆಕ್ಕ ಮಾಡುವುದು ಬೇಡ, ಕೊಟ್ಟಿರುವ ಸಂಗತಿಗಳಿಂದ ಉತ್ತರ ಸಿಗುತ್ತದೋ ಇಲ್ಲವೋ ಎಂದು ಹೇಳಿದರೆ ಸಾಕು. ಅದನ್ನು ಮೊದಲ ಸಲ ಓದಿದ ದಿನ ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಉತ್ತರ ಬೇಡ್ವಂತೆ!"

"ಹೌದಪ್ಪ. ಸಿಗುತ್ತಾ ಇಲ್ವಾ ಅಷ್ಟೇ."

"ಏನು ಹಂಗಂದ್ರೆ? ಅಡುಗೆ ಮಾಡೋಕಾಗುತ್ತಾ ಇಲ್ವಾ ಹೇಳು, ಆಮೇಲೆ ಎದ್ದು ಉಪವಾಸ ಮನೆಗೆ ಹೋಗು ಅಂದಂಗಾಯ್ತು." ನನ್ನ ಕಡೆ ತಿರುಗಿದರು. "ನೀನು ಹೇಳಮ್ಮ ಅಕೆಯೊ, ಇದು ನ್ಯಾಯನಾ?"

"ಅನ್ಯಾಯ ಮೇಷ್ಟ್ರೇ," ಎಂದೆ. ಅವರು ಬಿಡದೆ ಉತ್ತರವನ್ನೂ ಕಂಡುಹಿಡಿದು ಕೆಳಗೆ ಎರಡು ಗೆರೆ ಎಳೆದರು. ಕೆಮುಂಟೊ ಗಡಿಯಾರ ನೋಡಿದಳು, ಆದರೆ ಏನೂ ಅನ್ನಲಿಲ್ಲ.

ಅವರು ಕ್ರೈಸ್ತರಲ್ಲಿ ಅಡ್ವೆಂಟಿಸ್ಟ್ ಸಭೆಯವರು, ಶನಿವಾರ ಅವರಿಗೆ ದೇವರ ದಿನ. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ಸೂರ್ಯ ಮುಳುಗುವವರೆಗೆ ಪುಸ್ತಕ ಮುಟ್ಟುವಂತಿಲ್ಲ. ಕೆಮುಂಟೊಗೆ ವಾರದಲ್ಲಿ ಅತಿ ಕಷ್ಟದ ದಿನ ಅದು. ಪ್ರಾರ್ಥನೆ ಮುಗಿಸಿ ಬಂದು, ಮನೆಯ ಮುಂದೆ ಅತ್ತಿಂದಿತ್ತ ನಡೆದು, ಬಟ್ಟೆ ಹಗ್ಗದ ಮೇಲಿನ ಕ್ಲಿಪ್ಪುಗಳನ್ನು ಬಣ್ಣದ ಪ್ರಕಾರ ಜೋಡಿಸಿ, ಮತ್ತೆ ಕೆಡಿಸಿ, ನನ್ನ ಹತ್ತಿರ ಜಗಳ ಹುಡುಕುತ್ತಿದ್ದಳು. ಮೇಷ್ಟ್ರು ಹೊರಗೆ ಕುರ್ಚಿ ಹಾಕಿಕೊಂಡು ಪಶ್ಚಿಮಕ್ಕೆ ಮುಖ ಮಾಡಿ ಕೂರುವರು. ಸರೋವರದಾಚೆಯ ಬೆಟ್ಟಸಾಲಿಗೆ ಸೂರ್ಯ ತಾಗುವ ಹೊತ್ತಿಗೆ ಅಪ್ಪನ ಕಾಲೂ ಕುಣಿಯಲು ಶುರುವಾಗುವುದು, ಮಗಳ ಕಾಲೂ. ಕೊನೆಯ ಅಂಚು ಮರೆಯಾದದ್ದೇ ತಡ, ಇಬ್ಬರೂ ಒಟ್ಟಿಗೆ ಏಳುವರು.

"ಅಲ್ಲ ಮೇಷ್ಟ್ರೇ, ದೇವರು ನೋಡಿದ್ರೆ ಏನಂದ್ಕೊಂಡಾನು? ಇಡೀ ದಿನ ಲೆಕ್ಕದ ಮೇಲೇ ಮನಸ್ಸು," ಎಂದೆ ಒಮ್ಮೆ.

"ಮನಸ್ಸಿಗೆ ರಜೆ ಕೊಡು ಅಂತ ಅವನು ಹೇಳಿಲ್ಲ ಕಣಮ್ಮ. ಕೈಗೆ ಮಾತ್ರ," ಎಂದರು.

ಜನವರಿ ಎರಡನೆಯ ವಾರ ಮೂರನೆಯ ಪರೀಕ್ಷೆ. ನಾನೂ ರಜೆ ಹಾಕಿ ಜೊತೆಗೆ ಹೋದೆ. ನೈರೋಬಿಯಲ್ಲಿ ಒಂದು ಗಾಜಿನ ಕಟ್ಟಡದ ಏಳನೇ ಮಹಡಿ. ಅಂಗೈಯನ್ನು ಯಂತ್ರದ ಮೇಲಿಟ್ಟು ಒಳಗೆ ಹೋಗಬೇಕು, ಗಡಿಯಾರ, ಕಿವಿಯೋಲೆ, ಬಾಯಿಯಲ್ಲಿನ ಚೂಯಿಂಗ್ ಗಮ್ಮು ಎಲ್ಲ ಹೊರಗೆ. ಮೇಷ್ಟ್ರು ಕೆಳಗಿನ ಬೆಂಚಿನ ಮೇಲೆ ನಾಲ್ಕು ಗಂಟೆ ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಎಣ್ಣೆಯಲ್ಲಿ ಕರಿದ ಮಂದಾಜಿ ತಂದುಕೊಟ್ಟರೆ ಮುಟ್ಟಲಿಲ್ಲ.

ಅವಳು ಇಳಿದು ಬಂದಳು. ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ನಾನೂರ ತೊಂಬತ್ತು."

ಏರುವುದಿರಲಿ, ನಲವತ್ತು ಇಳಿದಿತ್ತು.

ರಸ್ತೆಗೆ ಬಂದ ಮೇಲೆ ಮೇಷ್ಟ್ರು, "ಲೆಕ್ಕದಲ್ಲಿ ಎಷ್ಟು ತಪ್ಪಾಯ್ತು?" ಎಂದು ಕೇಳಿದರು.

"ತಪ್ಪಾಗಿದ್ದು ಗೊತ್ತಿಲ್ಲ. ಮೂವತ್ತೊಂದರಲ್ಲಿ ಒಂಬತ್ತು ಮುಟ್ಟಲೇ ಇಲ್ಲ. ಟೈಮ್ ಆಗೋಯ್ತು."

"ಮುಟ್ಟಿದ್ದೆಲ್ಲ ಸರಿ ಇದೆಯಾ?"

"ಇರಬೇಕು."

"ಹಾಗಾದ್ರೆ ಪರವಾಗಿಲ್ಲ ಮಗಳೇ. ಮಾಡಿದ್ದು ಸರಿ ಮಾಡಿದ್ದೀಯ."

ಅಲ್ಲಿಯವರೆಗೆ ತಡೆದುಕೊಂಡಿದ್ದದ್ದು ಅಲ್ಲೇ, ರಸ್ತೆಯ ಬದಿಯಲ್ಲಿ, ಮಟಾಟು ಕಂಡಕ್ಟರುಗಳ ಕೂಗಾಟದ ನಡುವೆ ಒಡೆಯಿತು. "ಪರವಾಗಿಲ್ವಾ? ಅಪ್ಪ, ಅಲ್ಲಿ ಒಂದು ಲೆಕ್ಕಕ್ಕೆ ಎರಡು ನಿಮಿಷ! ಎರಡೇ! ನೀವು ಬರೋಕೆ ಮುಂಚೆ ನಂಗೆ ಐನೂರ ಮೂವತ್ತು ಬಂದಿತ್ತು. ನಿಮ್ಮಿಂದಲೇ ಇಳಿದಿದ್ದು. ಕೂತ್ಕೊಂಡು ಗೆರೆ ಎಳಿಯೋದು, ಎರಡೆರಡು ಗೆರೆ! ಯಾರಿಗೆ ಬೇಕು ನಿಮ್ಮ ಗೆರೆ?"

ಒಬ್ಬ ಕಂಡಕ್ಟರು ನಮ್ಮನ್ನು ಕರೆಯಲು ಬಂದವನು ಹಾಗೇ ಹಿಂದಕ್ಕೆ ಹೋದ. ಮೇಷ್ಟ್ರು ಟೊಪ್ಪಿಗೆ ತಲೆಗೆ ಹಾಕಿಕೊಂಡು ಮುಂದೆ ನಡೆದು ವ್ಯಾನು ಹತ್ತಿದರು. ನೈವಾಶಾವರೆಗೆ ಎರಡು ಗಂಟೆಯ ದಾರಿ. ಘಾಟಿ ಇಳಿಯುವಾಗ ಕೆಮುಂಟೊ ಒಮ್ಮೆ ಅಪ್ಪನ ಕಡೆ ಕೈ ಚಾಚಿದಳು, ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು, ಕೈ ಹಿಂದಕ್ಕೆ ಬಂತು. ಅವರು ಪೇಟೆಯಲ್ಲಿ ಇಳಿದು, ನಮ್ಮತ್ತ ತಲೆ ಆಡಿಸಿ ಹೋದರು.

ಮರುದಿನ ನಾಲ್ಕೂವರೆಗೆ ಗೇಟಿನಲ್ಲಿ ಯಾರೂ ಇರಲಿಲ್ಲ. ಅದರ ಮರುದಿನವೂ ಇಲ್ಲ. ಕೆಮುಂಟೊ ಐದರವರೆಗೆ ಅಲ್ಲೇ ನಿಂತು, ಕಾವಲುಗಾರನನ್ನು ಎರಡೆರಡು ಸಲ ಕೇಳಿ ಬಂದಳು. ಫೋನ್ ಮಾಡು ಎಂದರೆ, "ಏನಂತ ಮಾಡ್ಲಿ?" ಎಂದಳು. ಆ ಸಂಜೆ ಪುಸ್ತಕ ತೆರೆದವಳು ಒಂದೇ ಲೆಕ್ಕದ ಮುಂದೆ ಮುಕ್ಕಾಲು ಗಂಟೆ ಇದ್ದಳು.

"ಬಿಟ್ಟು ಮುಂದಿಂದು ನೋಡಬಾರದಾ?"

"ಆಗಲ್ಲ ಕಣೇ." ಪೆನ್ಸಿಲು ಕೆಳಗಿಟ್ಟಳು. "ನಾನು ಎಂಟನೇ ಕ್ಲಾಸಲ್ಲಿ ಅಪ್ಪನ ಹತ್ರನೇ ಓದಿದ್ದು. ಎಲ್ರೂ ಮನೆಗೆ ಹೋಗೋರು, ನಾನು ಮಾತ್ರ ಲೆಕ್ಕ ಮುಗಿಯೋವರ್ಗೂ ಕೂರಬೇಕು. ಅಪ್ಪಾನೂ ಕೂತಿರೋರು. ಅಮ್ಮ ಊಟಕ್ಕೆ ಹೇಳಿ ಕಳ್ಸಿದ್ರೂ ಏಳ್ತಿರ್ಲಿಲ್ಲ. ಐದು ಮಕ್ಕಳಲ್ಲಿ ಅಪ್ಪ ನನಗೊಬ್ಬಳಿಗೇ ಅಂತ ಸಿಗ್ತಿದ್ದದ್ದು ಆವಾಗ್ಲೇ." ಪೆನ್ಸಿಲು ಮತ್ತೆ ಕೈಗೆತ್ತಿಕೊಂಡು, "ಬಿಡೋಕೆ ಕೈ ಬರಲ್ಲ," ಎಂದಳು.

ಮೂರನೆಯ ದಿನ ನಾನೇ ಮೇಷ್ಟ್ರನ್ನು ನೋಡಲು ಹೋದೆ. ಅಣ್ಣನ ಮಗನ ಹೆಂಡತಿ ಬಾಗಿಲು ತೆರೆದು ಬಾಯಿಯ ಮೇಲೆ ಬೆರಳಿಟ್ಟಳು. ಅವಳ ಇನ್ನೊಂದು ಕೈಯಲ್ಲಿ ಅಡುಗೆಮನೆಯ ಅಲಾರಂ ಗಡಿಯಾರ. ಒಳಗೆ ಊಟದ ಮೇಜಿನ ಮುಂದೆ ಮೇಷ್ಟ್ರು ಅಂಗಿಯ ತೋಳು ಮಡಚಿಕೊಂಡು ಕೂತು ಪರೀಕ್ಷೆ ಬರೆಯುತ್ತಿದ್ದರು. ಮಗಳ ಹಳೆಯ ಮಾದರಿ ಪತ್ರಿಕೆ.

"ಇವತ್ತಿಗೆ ಮೂರನೇ ಸಲ," ಎಂದು ಪಿಸುಗುಟ್ಟಿದಳು ಅವಳು. "ನಂಗೆ ಒಲೆ ಮುಂದೆ ಹೋಗೋಕೂ ಬಿಡ್ತಿಲ್ಲ."

ಗಡಿಯಾರ ಬಡಿಯಿತು. ಮೇಷ್ಟ್ರು ಪೆನ್ಸಿಲು ಇಟ್ಟು ನನ್ನನ್ನು ನೋಡಿದರು. ಹಣೆ ಒದ್ದೆಯಾಗಿತ್ತು.

"ಹದಿನಾಲ್ಕು," ಎಂದರು. "ಅರವತ್ತೆರಡು ನಿಮಿಷಕ್ಕೆ ಮೂವತ್ತೊಂದು ಮಾಡ್ಬೇಕು. ನಾನು ಮಾಡಿದ್ದು ಹದಿನಾಲ್ಕು. ಮೊನ್ನೆ ಹನ್ನೆರಡು."

"ಹದಿನಾಲ್ಕೂ ಸರಿ ಇರುತ್ತೆ ಬಿಡಿ ಮೇಷ್ಟ್ರೇ."

"ಸರಿ ಇದೆ. ಅದೇ ತಪ್ಪು." ಕೈ ಬೆರಳಿನ ಸೀಮೆಸುಣ್ಣದ ಹಳೆಯ ಬಿರುಕುಗಳನ್ನು ನೋಡಿಕೊಂಡರು. "ನನ್ನ ಹುಡುಗಿ ಇಪ್ಪತ್ತೆರಡು ಮಾಡಿದಾಳೆ. ನನಗಿಂತ ಎಂಟು ಜಾಸ್ತಿ. ನಾನು ರೋಡಲ್ಲಿ ನಿಂತು ಪರವಾಗಿಲ್ಲ ಅಂದೆ." ಎದ್ದು ಕಿಟಕಿಯವರೆಗೆ ಹೋಗಿ ಬಂದರು, ಥೇಟು ಮಗಳ ನಡಿಗೆ. "ಮೂವತ್ತೆಂಟು ವರ್ಷ ಮಕ್ಕಳಿಗೆ ಮುಗಿಸೋದು ಹೇಳ್ಕೊಟ್ಟೆ ಅಕೆಯೊ. ಬಿಡೋದು ಹೇಳ್ಕೊಡ್ಲಿಲ್ಲ. ನಂಗೇ ಗೊತ್ತಿರ್ಲಿಲ್ಲ, ಏನು ಹೇಳ್ಕೊಡ್ಲಿ?"

ಮರುದಿನ ನಾಲ್ಕೂವರೆಗೆ ಗೇಟಿನಲ್ಲಿ ಕೋಟು ಕಾಣಿಸಿತು. ಕೆಮುಂಟೊ ಓಡಿದಳು, ಎದುರಿಗೆ ಹೋಗಿ ನಿಂತಳು. ಮೇಷ್ಟ್ರೇ ಶುರು ಮಾಡಿದರು. "ಕರಿಹಲಗೆ ಬೇಡ ಇನ್ನು. ನೀನು ಮಾಡು, ನಾನು ಪಕ್ಕದಲ್ಲಿ ಕೂರ್ತೀನಿ."

"ಅಪ್ಪ, ಅವತ್ತು ನಾನು..."

"ಟೈಮಿಲ್ಲ ಮಗಳೇ. ನಡಿ."

ಹೊಸ ಪಾಠದಲ್ಲಿ ಮೇಷ್ಟ್ರಿಗೆ ಒಂದೇ ಕೆಲಸ. ಕೈಗಡಿಯಾರ ಮೇಜಿನ ಮೇಲಿಟ್ಟುಕೊಂಡು, ಎರಡು ನಿಮಿಷ ಆದ ಕೂಡಲೇ ಬೆರಳಿನ ಗೆಣ್ಣಿನಿಂದ ಮೇಜು ಕುಟ್ಟಿ, "ಬಿಡು," ಎನ್ನುವುದು. ಪತ್ರಿಕೆಯಲ್ಲಿ ಕೊಟ್ಟ ಐದು ಉತ್ತರಗಳಲ್ಲಿ ಅವಳು ಒಂದನ್ನು, ಯಾವುದಾದರೂ ಸರಿ, ಗುರುತು ಮಾಡಿ ಮುಂದೆ ಹೋಗಬೇಕು. ಹಿಂದೆ ನೋಡುವಂತಿಲ್ಲ, ಆ ಪರೀಕ್ಷೆಯಲ್ಲಿ ದಾಟಿದ ಪ್ರಶ್ನೆಗೆ ಮರಳುವ ದಾರಿಯಿಲ್ಲ.

ಮೊದಲ ವಾರ ಮಾತು ಮಾತಿಗೂ ಕದನ.

"ಬಿಡು."

"ಇನ್ನೊಂದೇ ಸ್ಟೆಪ್ಪು ಅಪ್ಪ!"

"ಬಿಡು ಅಂದೆ."

"ಬಂತು, ಬಂತು, ಉತ್ತರ ಬಂತು..."

ಮೇಷ್ಟ್ರು ಅವಳ ಕೈಯಿಂದ ಪೆನ್ಸಿಲನ್ನೇ ಕಿತ್ತುಕೊಳ್ಳುವರು. ಹಾಗೆ ಮಾಡುವಾಗ ಅವರ ಮುಖ ನೋಡಬೇಕಿತ್ತು, ಹಲ್ಲು ಕೀಳಿಸಿಕೊಳ್ಳುವವರ ಹಾಗೆ. ಅರ್ಧ ಬಿಟ್ಟ ಲೆಕ್ಕ ಕಣ್ಣ ಮುಂದಿದ್ದರೆ ಅವರಿಗೂ ಸಂಕಟ. ಬಿಟ್ಟವುಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಕೋಟಿನ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಬೆಳಿಗ್ಗೆ ಎದ್ದವರೇ ಪೂರ್ತಿ ಬಿಡಿಸಿ, ಕೆಳಗೆ ಎರಡು ಗೆರೆ ಎಳೆದು, ಯಾರಿಗೂ ತೋರಿಸದೆ ಹರಿದು ಹಾಕುತ್ತಾರೆ ಎಂದು ಅಣ್ಣನ ಮಗನ ಹೆಂಡತಿ ನನಗೆ ಹೇಳಿದಳು. ನಾನು ಕೆಮುಂಟೊಗೆ ಹೇಳಲಿಲ್ಲ.

ಇಂಗ್ಲಿಷ್ ಭಾಗ ನನ್ನ ಪಾಲಿಗೆ ಬಂತು. ಕೋಲ್ಡ್ ರೂಮಿನ ಬಾಗಿಲಲ್ಲಿ, ದಪ್ಪ ಕೋಟು ತೊಟ್ಟುಕೊಂಡು, ಒಂದೊಂದು ಟ್ರಾಲಿ ಒಳಗೆ ಹೋಗುವ ನಡುವೆ ಒಂದೊಂದು ವಾಕ್ಯ ಓದಿ ಹೇಳುತ್ತಿದ್ದೆ, ಅವಳು ತಪ್ಪು ಹಿಡಿಯಬೇಕು. ಜನವರಿ ಕೊನೆಗೆ ಪ್ರೇಮಿಗಳ ದಿನದ ಸುಗ್ಗಿ ಶುರುವಾಯಿತು. ಯುರೋಪಿಗೆಲ್ಲ ಕೆಂಪು ಗುಲಾಬಿ ನಮ್ಮ ಸರೋವರದಿಂದಲೇ ಹೋಗಬೇಕಲ್ಲ. ಎರಡು ವಾರ, ಕೆಮುಂಟೊಳ ಶನಿವಾರ ಬಿಟ್ಟರೆ, ಯಾರಿಗೂ ರಜೆಯಿಲ್ಲ, ಶೆಡ್ಡಿನೊಳಗೆ ಕಾಲಿಡಲು ಜಾಗವಿಲ್ಲ. ಕೆಮುಂಟೊ ದಿನಕ್ಕೆ ಹನ್ನೆರಡು ಗಂಟೆ ನಿಂತೇ ಇರುತ್ತಿದ್ದಳು. ಓದಿಗೆ ಉಳಿಯುತ್ತಿದ್ದದ್ದು ಊಟದ ಅರ್ಧ ಗಂಟೆ. ಮೇಷ್ಟ್ರು ಆ ಅರ್ಧ ಗಂಟೆಗಾಗಿ ಮಧ್ಯಾಹ್ನದ ಬಿಸಿಲಲ್ಲಿ ಬಂದು ಗೇಟಿನ ಪಕ್ಕದ ಮರದ ಕೆಳಗೆ ಕಾಯುತ್ತಿದ್ದರು. ಹದಿನೈದು ಲೆಕ್ಕ, ಮೂವತ್ತು ನಿಮಿಷ. "ಬಿಡು, ಬಿಡು, ಬಿಡು." ಅವಳ ಬಾಯಿಗೆ ತುತ್ತು ಇಡುತ್ತಿದ್ದವಳು ನಾನು.

ಒಂದು ಮಧ್ಯಾಹ್ನ ಮುಗೆಂದಿ ಅತ್ತ ಹಾದುಹೋಗುತ್ತ ಇದನ್ನು ನೋಡಿ ನಿಂತ. ಮೇಷ್ಟ್ರು ತಲೆಯೆತ್ತಿ, "ಏನಪ್ಪಾ?" ಎಂದರು.

"ಏನಿಲ್ಲ ಸಾರ್. ಇದನ್ನೇ ನಾನು ಹೇಳಿದ್ದೆ, ಬೈಸ್ಕೊಂಡೆ."

"ಯಾರು ಬೈದಿದ್ದು?"

ಕೆಮುಂಟೊ ಪೆನ್ಸಿಲು ನಿಲ್ಲಿಸಿದಳು. "ನಾನೇ. ತಪ್ಪಾಯ್ತು ಮುಗೆಂದಿ," ಎಂದಳು, ತಲೆಯೆತ್ತದೆ. ಮರುದಿನದಿಂದ ಅವನು ಅವಳ ಊಟದ ಹೊತ್ತಿಗೆ ತಾನೇ ಶೆಡ್ಡಿನಲ್ಲಿ ನಿಂತು, ಅವಳಿಗೆ ಇನ್ನೂ ಕಾಲು ಗಂಟೆ ಹೆಚ್ಚು ಸಿಗುವ ಹಾಗೆ ಮಾಡಿದ. ಅವನ ಕಣ್ಣು ಅವಳದರಷ್ಟು ಚುರುಕಲ್ಲ. ಆ ವಾರ ನಾಲ್ಕು ಬಕೆಟ್ಟು ಬೂಷ್ಟು ಹಿಡಿದ ಹೂ ನನ್ನ ಕೋಣೆಯಿಂದ ವಾಪಸು ಹೋಯಿತು.

ಮಾರ್ಚ್ ಹನ್ನೆರಡಕ್ಕೆ ನಾಲ್ಕನೆಯ ಸಲ. ಆಮೇಲೆ ಇನ್ನೊಂದು ಸಲ ಕೂರುವಷ್ಟು ದಿನ ಗಡುವಿನೊಳಗೆ ಉಳಿದಿರಲಿಲ್ಲ. ಒಳಗೆ ಏನಾಯಿತು ಎಂಬುದನ್ನು ಅವಳೇ ಹೇಳಿದ್ದು. ಹನ್ನೊಂದನೆಯ ಲೆಕ್ಕ, ಅದೇ ನಲ್ಲಿ ತೊಟ್ಟಿಯ ಜಾತಿಯದು. ಅವಳಿಗೆ ಬರುತ್ತಿತ್ತು, ಆದರೆ ಉದ್ದ. ಎರಡು ನಿಮಿಷ ಆಯಿತು. ಇನ್ನೊಂದು ನಿಮಿಷ ಕೊಟ್ಟರೆ ಮುಗಿಯುತ್ತದೆ. ಕೈ ಹಾಳೆಯ ಮೇಲೆ ಓಡುತ್ತಲೇ ಇತ್ತು. "ಮೇಜು ಯಾರೂ ಕುಟ್ಟಲಿಲ್ಲ ಕಣೇ. ಅಲ್ಲಿ ಅಷ್ಟು ನಿಶ್ಶಬ್ದ. ನಾನೇ ಗೆಣ್ಣಿಂದ ಕುಟ್ಕೊಂಡೆ. ಪಕ್ಕದವನು ತಿರುಗಿ ನೋಡಿದ, ಮೇಲ್ವಿಚಾರಕಿ ಬಂದು ಸದ್ದು ಮಾಡ್ಬೇಡಿ ಅಂದ್ಲು." ಮೂರನೆಯ ಉತ್ತರವನ್ನು ಒತ್ತಿ ಮುಂದೆ ಹೋದಳು.  ಹಾಗೆ ಏಳು ಲೆಕ್ಕ ಬಿಟ್ಟಳು. ಮೂವತ್ತೊಂದನೆಯದನ್ನು ಮುಗಿಸಿದಾಗ ಹನ್ನೊಂದು ಸೆಕೆಂಡು ಉಳಿದಿತ್ತು.

ಕೊನೆಯಲ್ಲಿ ಪರದೆಯ ಮೇಲೆ ಅಂಕ ಬರುತ್ತದೆ. ಇಟ್ಟುಕೊಳ್ಳುತ್ತೀರೋ ಬೇಡವೋ ಎಂದು ಹೇಳಲು ಎರಡು ನಿಮಿಷ.

ಆರುನೂರ ಹತ್ತು.

ಆ ಎರಡು ನಿಮಿಷದಲ್ಲಿ ಹದಿನೈದು ಸೆಕೆಂಡು ಉಳಿದಾಗ ಇಟ್ಟುಕೊಳ್ಳುತ್ತೇನೆ ಎಂದು ಒತ್ತಿದಳಂತೆ. ಹೊರಗೆ ಬಂದು ನಮಗೆ ಹೇಳಿದಳು. ಮೇಷ್ಟ್ರು ಮನಸ್ಸಿನಲ್ಲೇ ಕಳೆದು ನೋಡಿದ್ದು ಕಾಣಿಸಿತು. ಹತ್ತು ಕಮ್ಮಿ.

"ಎಲ್ಲಾ ಮುಟ್ಟಿದ್ಯಾ?"

"ಎಲ್ಲಾ ಮುಟ್ಟಿದೆ."

"ಎಷ್ಟು ಬಿಟ್ಟೆ?"

"ಏಳು."

ಮೇಷ್ಟ್ರು ಅವಳ ತಲೆಯ ಮೇಲೆ ಕೈಯಿಟ್ಟರು. ಮೂವತ್ತೆರಡು ವರ್ಷದ ಹೆಂಗಸು ನೈರೋಬಿಯ ರಸ್ತೆಯಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮೂವರೂ ಒಂದು ಹೋಟೆಲಿಗೆ ಹೋಗಿ ಹುರಿದ ಮೀನು ತಿಂದೆವು. ಮೇಷ್ಟ್ರು ಮರುದಿನವೇ ಊರಿಗೆ ಹೊರಟರು, ಚಹಾ ಚಿಗುರು ಕೀಳುವ ಕಾಲ ಬಂದಿತ್ತು.

ಅಂಕ ಕಳಿಸಿದ ಮೇಲೆ ಬಿಸಿನೆಸ್ ಸ್ಕೂಲಿನಿಂದ ಬಂದ ಉತ್ತರ ಅತ್ತಲೂ ಇಲ್ಲ ಇತ್ತಲೂ ಇಲ್ಲ. ನಿಮ್ಮನ್ನು ಕಾಯುವ ಪಟ್ಟಿಯಲ್ಲಿ ಇಟ್ಟಿದ್ದೇವೆ, ಜಾಗ ತೆರವಾದರೆ ತಿಳಿಸುತ್ತೇವೆ ಎಂದು. ಓದುವಾಗಿನ ಚಡಪಡಿಕೆ ಏನೂ ಅಲ್ಲ ಎನ್ನಿಸುವಂಥ ದಿನಗಳು ಬಂದವು. ಈಗ ಮಾಡುವುದಕ್ಕೆ ಏನೂ ಇರಲಿಲ್ಲ. ಏಪ್ರಿಲಿನ ಮಳೆ ಹಿಡಿಯಿತು. ಕೆಮುಂಟೊ ಗಂಟೆಗೆ ಹತ್ತು ಸಲ ಫೋನು ತೆಗೆದು ನೋಡುವಳು, ಸಿಗ್ನಲ್ಲಿಗಾಗಿ ಮಳೆಯಲ್ಲೇ ಮನೆಯ ಹಿಂದಿನ ದಿಬ್ಬ ಹತ್ತುವಳು. ಮೇ ತಿಂಗಳಲ್ಲಿ ಒಮ್ಮೆ ಸ್ಕೂಲಿನ ಹೆಂಗಸೊಬ್ಬರು ಫೋನ್ ಮಾಡಿ, ನಡುವೆ ನಾನೂರ ತೊಂಬತ್ತಕ್ಕೆ ಇಳಿದದ್ದೇಕೆ ಎಂದು ಕೇಳಿದರು. ಕೆಮುಂಟೊ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಗೆರೆಗಳ ವಿಷಯವನ್ನೂ. ಆ ಹೆಂಗಸು ನಕ್ಕರಂತೆ, ಆದರೆ ಏನೂ ಭರವಸೆ ಕೊಡಲಿಲ್ಲ.

"ಹುಚ್ಚಿ, ಹುಷಾರಿರ್ಲಿಲ್ಲ ಅನ್ನಬಾರದಿತ್ತಾ?" ಎಂದು ನಾನು ಬೈದೆ.

"ಹುಷಾರಾಗೇ ಇದ್ನಲ್ಲೇ," ಎಂದಳು.

ಜೂನ್ ಹತ್ತೊಂಬತ್ತರ ಬೆಳಿಗ್ಗೆ ಅವಳು ಕೋಲ್ಡ್ ರೂಮಿನೊಳಗೆ ಒಂದು ಟ್ರಾಲಿಯ ಕಟ್ಟುಗಳನ್ನು ಪರೀಕ್ಷಿಸುತ್ತಿದ್ದಾಗ ಫೋನು ಸದ್ದು ಮಾಡಿತು. ಓದಿದಳು. ಮತ್ತೆ ಓದಿದಳು. ಯಾರೋ ಒಬ್ಬರು ಬರುವುದಿಲ್ಲವೆಂದರಂತೆ, ಸೀಟು ಅವಳಿಗೆ. ಪೂರ್ತಿ ವಿದ್ಯಾರ್ಥಿವೇತನ ಆಗದು, ಅರ್ಧ. ಉಳಿದದ್ದಕ್ಕೆ ಅಲ್ಲೇ ಗ್ರಂಥಾಲಯದಲ್ಲಿ ಕೆಲಸ. ಅವಳು ಎರಡು ಡಿಗ್ರಿ ಚಳಿಯಲ್ಲಿ, ತೆಳ್ಳನೆಯ ಅಂಗಿಯಲ್ಲಿ, ಗುಲಾಬಿಗಳ ನಡುವೆ ನಿಂತೇ ಇದ್ದಳು. ನಾನು ಹೋಗಿ ಎಳೆದುಕೊಂಡು ಬರುವಷ್ಟರಲ್ಲಿ ತುಟಿ ನೀಲಿಯಾಗಿತ್ತು.

ಅಪ್ಪನಿಗೆ ಫೋನ್ ಮಾಡಿದಳು. ನನಗೂ ಕೇಳಿಸಲೆಂದು ಸದ್ದು ಹೆಚ್ಚಿಸಿದಳು. ಅತ್ತ ಕಡೆ ಏನೋ ಬಿದ್ದ ಸದ್ದು, ಆಮೇಲೆ ಮೇಷ್ಟ್ರು ಹೆಂಡತಿಯನ್ನು ಕೂಗುವ ದನಿ, ನಾಯಿಯ ಬೊಗಳಾಟ, ಕೊನೆಗೆ ಅವಳ ಅಮ್ಮ: "ಏನಾಯ್ತೇ? ಇವ್ರು ಚಹಾ ಬುಟ್ಟಿ ಒದ್ದು ಓಡಿ ಬಂದ್ರು!" ಎಲ್ಲ ಹೇಳಿ ಮುಗಿಸಿದ ಮೇಲೆ ಮೇಷ್ಟ್ರು ಮತ್ತೆ ಫೋನು ತೆಗೆದುಕೊಂಡರು. ದನಿ ಈಗ ತರಗತಿಯ ದನಿ.

"ಮೊದಲನೇ ಟರ್ಮಲ್ಲಿ ಗಣಿತ ಇದೆಯಾ?"

"ಸ್ಟ್ಯಾಟಿಸ್ಟಿಕ್ಸ್ ಇದೆ ಅಪ್ಪ."

"ಪುಸ್ತಕ ಕಳ್ಸು."

"ಅಪ್ಪ, ದಯವಿಟ್ಟು... ಈ ಸಲ ನಾನೇ..."

"ನಿನಗಲ್ಲ ಕಣಮ್ಮ. ನನಗೆ."

ಸೆಪ್ಟೆಂಬರಿನಲ್ಲಿ ಅವಳು ಹೋದಳು. ಹೊರಡುವ ಮೊದಲು ಶೆಡ್ಡಿನ ಹೆಂಗಸರು ಅವಳನ್ನು ಮೇಜಿನ ಮೇಲೆ ನಿಲ್ಲಿಸಿ, ಒಬ್ಬೊಬ್ಬರೂ ಅವಳು ಬೈದ ಹಾಗೆ ಬೈದು ತೋರಿಸಿ ನಗಿಸಿದರು. ಓದು ಮುಗಿಸಿ ಈಗ ಎರಡು ವರ್ಷವಾಯಿತು. ಮೊಂಬಾಸಾ ಬಂದರಿನಲ್ಲಿ ಹೂವನ್ನು ವಿಮಾನದ ಬದಲು ಹಡಗಿನಲ್ಲಿ ಕಳಿಸುವ ಒಂದು ಕಂಪನಿಯ ಕೆಲಸ ನೋಡಿಕೊಳ್ಳುತ್ತಾಳೆ. ಅವಳು ಕಳಿಸಿದ ಪುಸ್ತಕವನ್ನು ಮೇಷ್ಟ್ರು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಒಂದು ಲೆಕ್ಕವನ್ನೂ ಬಿಡದೆ, ಹದಿನಾಲ್ಕು ತಿಂಗಳಲ್ಲಿ ಮುಗಿಸಿದರು. ನೂರ ಹನ್ನೆರಡನೆಯ ಪುಟದ ಉತ್ತರವೊಂದು ತಪ್ಪಾಗಿದೆ ಎಂದು ಪ್ರಕಾಶಕರಿಗೆ ಕಾಗದ ಬರೆದಿದ್ದಾರೆ. ಜವಾಬು ಇನ್ನೂ ಬಂದಿಲ್ಲ.